ಪಾತ್ರೆ ತೊಳೆದ ಅಭ್ಯರ್ಥಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ವರ್ಷ ತಪ್ಪುವಂತಿಲ್ಲ, ಅಧ್ಯಕ್ಷೀಯ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ, ಅದು ತೊಂಬತ್ತಾರು. ತಿಂಗಳು ಸೆಪ್ಟೆಂಬರ್ ಎಂದು ನೆನಪು ಹೇಳುತ್ತದೆ, ಆದರೆ ಆ ಶನಿವಾರದ ಸೆಕೆಯನ್ನು ನೆನೆದರೆ ಆಗಸ್ಟ್ ಇದ್ದರೂ ಇರಬಹುದು. ಡೈರಿ ಬರೆಯುವ ಅಭ್ಯಾಸ ಆಗಲೂ ಇತ್ತು. ತಾರೀಖು ಹಾಕದೆ ಬಿಟ್ಟ ಆ ದಿನದ ಪುಟದಲ್ಲಿ "ಸ್ಯಾನ್ ಡಿಯಾಗೊ. ಹೆಂಗಸರ ಗುಂಪು ಚೆನ್ನಾಗಿ ಆಯಿತು" ಎಂದಷ್ಟೇ ಇದೆ. ಬರೆಯುವಾಗ ನಿಜವಾಗಿ ಹಾಗೆ ಅನ್ನಿಸಿತ್ತೋ, ಹಾಗೆ ಅನ್ನಿಸಲಿ ಎಂದು ಬರೆದೆನೋ ಇವತ್ತು ಹೇಳಲಾರೆ. ಅಕ್ಕ ಆಡಿದ ಮಾತುಗಳು ಮಾತ್ರ ಸರಿಯಾಗಿವೆ. ಅವನ್ನು ಟೇಪಿನಿಂದ ಮತ್ತೆ ಮತ್ತೆ ಕೇಳಿ ಇಳಿಸಿಕೊಂಡವಳು ನಾನು.

ನಾನಿದ್ದದ್ದು ಲಾಸ್ ಏಂಜಲೀಸಿನಲ್ಲಿ, ಜನಾಭಿಪ್ರಾಯ ಅಳೆಯುವ ಒಂದು ಸಣ್ಣ ಕಂಪನಿಯಲ್ಲಿ. ಆ ಬೇಸಿಗೆ ನಮಗೆ ಸಿಕ್ಕಿದ್ದು ಒಬ್ಬ ಅಧ್ಯಕ್ಷೀಯ ಅಭ್ಯರ್ಥಿಯ ಜಾಹೀರಾತುಗಳನ್ನು ಪರೀಕ್ಷಿಸುವ ಕೆಲಸ. ಯಾವ ಪಕ್ಷ ಎಂದು ಬರೆಯುವುದಿಲ್ಲ. ಎದುರು ಪಕ್ಷದವರು ಇನ್ನೊಂದು ಕಟ್ಟಡದಲ್ಲಿ ಇದೇ ಕೆಲಸ ಮಾಡಿಸುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಜಾಹೀರಾತು ಎರಡು. ಮೊದಲನೆಯದರಲ್ಲಿ ಅಭ್ಯರ್ಥಿ ಯುದ್ಧನೌಕೆಯ ಡೆಕ್ಕಿನ ಮೇಲೆ ಅಂಗಿಯ ತೋಳು ಮಡಚಿ, ಗಾಳಿಗೆ ಎದೆಯೊಡ್ಡಿ ನಡೆಯುತ್ತಾನೆ. ಹಿಂದೆ ಒಂದು ದಪ್ಪ ಗಂಡು ಧ್ವನಿ. ಎರಡನೆಯದರಲ್ಲಿ ಅದೇ ಅಂಗಿ, ಅಷ್ಟೇ ಮಡಚಿದ ತೋಳು, ಆದರೆ ಈಗ ಅಡುಗೆಮನೆಯ ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಾನೆ, ಒದ್ದೆ ಕೈಯಲ್ಲೇ ಹೆಂಡತಿಯ ಕಡೆ ತಿರುಗಿ "ನಿನಗೇನನ್ನಿಸುತ್ತೆ?" ಎಂದು ಕೇಳುತ್ತಾನೆ. ಅವನು ಎಷ್ಟು ಗಂಡಸಾಗಿ ಕಾಣಬೇಕು, ಯಾರ ಕಣ್ಣಿಗೆ ಎಷ್ಟು, ಎಂದು ಕಂಡುಹಿಡಿಯುವುದು ನಮ್ಮ ಕೆಲಸ. ಅದಕ್ಕೆ ಜನರನ್ನು ಖಾನೆಗಳಲ್ಲಿ ಹಂಚಿದ ಒಂದು ಕೋಷ್ಟಕವಿತ್ತು. ವಿಮಾನ ಕಾರ್ಖಾನೆಗಳಲ್ಲಿ ಕೆಲಸ ಕಳೆದುಕೊಂಡ ಬಿಳಿಯ ಗಂಡಸರು ಒಂದು ಖಾನೆ. ಲಾಂಗ್ ಬೀಚ್ ಬಂದರಿನ ಸ್ಪ್ಯಾನಿಷ್ ಮಾತಾಡುವ ಅಪ್ಪಂದಿರು ಇನ್ನೊಂದು. ಉಪನಗರದ ತಾಯಂದಿರಿಗೆ ಎರಡು ಖಾನೆ. ಕೊನೆಯ ಸಾಲಿನಲ್ಲಿ, ಯಾರೋ ಆಮೇಲೆ ಸೇರಿಸಿದಂತೆ, "ಏಷ್ಯನ್ ಇಂಡಿಯನ್, ಗಂಡು, ವೃತ್ತಿಪರ". ಅದು ನನಗೆ ಬಂತು. ಯಾಕೆ ನನಗೆ ಎಂದು ನಾನೂ ಕೇಳಲಿಲ್ಲ, ಬಾಸ್ ಕೂಡ ಹೇಳಲಿಲ್ಲ.

ವಿಧಾನ ಎಲ್ಲ ಕಡೆ ಒಂದೇ. ಒಬ್ಬರಿಗೊಬ್ಬರು ಗೊತ್ತಿಲ್ಲದ ಹತ್ತು ಜನ, ಒಂದು ಮೇಜು. ಪ್ರತಿಯೊಬ್ಬರ ಕೈಗೆ ಗುಂಡಿ ಇರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಗುಂಡಿ ಐವತ್ತರಲ್ಲಿರುತ್ತದೆ, ನೋಡುತ್ತಿರುವುದು ಹಿಡಿಸಿದರೆ ನೂರರ ಕಡೆ, ಹಿಡಿಸದಿದ್ದರೆ ಸೊನ್ನೆಯ ಕಡೆ ತಿರುಗಿಸಬೇಕು. ಒಂದು ಗೋಡೆಯ ತುಂಬ ಕನ್ನಡಿ. ಅದರ ಹಿಂದಿನ ಕತ್ತಲೆ ಕೋಣೆಯಲ್ಲಿ ಗಿರಾಕಿ, ಕ್ಯಾಮೆರಾ, ಮತ್ತು ಆ ಹತ್ತು ಗುಂಡಿಗಳನ್ನು ಪರದೆಯ ಮೇಲೆ ಗೆರೆಗಳಾಗಿ ಓಡಿಸುವ ತಂತ್ರಜ್ಞ. ಮೇಜಿನವರಿಗೆ ಅದು ಕನ್ನಡಿ, ಹಿಂದಿನವರಿಗೆ ಕಿಟಕಿ. ಹಿಂದಿನ ಕೋಣೆಯಲ್ಲಿ ದೀಪ ಹಾಕಬಾರದು, ಬಾಗಿಲು ತೆರೆಯಬಾರದು. ಬೆಳಕು ಬಿದ್ದರೆ ಕನ್ನಡಿ ಬರೀ ಗಾಜಾಗಿಬಿಡುತ್ತದೆ. ಲಾಂಗ್ ಬೀಚಿನಲ್ಲಿ ಆ ಕತ್ತಲೆ ಕೋಣೆಯಲ್ಲಿ ಸ್ಪ್ಯಾನಿಷ್ ದುಭಾಷಿಯೊಬ್ಬಳು ಮೈಕ್ ಹಿಡಿದು ಕೂತಿದ್ದಳು. ಅವಳ ಇಂಗ್ಲಿಷ್ ಟೇಪಿನ ಎರಡನೆಯ ಚಾನೆಲ್ಲಿನಲ್ಲಿ ದಾಖಲಾಗುತ್ತಿತ್ತು.

ನನ್ನ ಅಕ್ಕ ಭಾವ ಸ್ಯಾನ್ ಡಿಯಾಗೊದ ರಾಂಚೊ ಬರ್ನಾರ್ಡೊದಲ್ಲಿದ್ದರು. ಭಾವ ಉಡುಪಿಯವರು, ರಕ್ಷಣಾ ಗುತ್ತಿಗೆಯ ಕಂಪನಿಯೊಂದರಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಆ ವರ್ಷದ ಆರಂಭದಲ್ಲಿ ಕೆಲಸ ಹೋಗಿತ್ತು. ಅವರು ಅದನ್ನು ಅಕ್ಕನಿಗೂ ಹೇಳಿರಲಿಲ್ಲ. ಆಫೀಸಿನ ಅಮೆರಿಕನ್ ಸಹೋದ್ಯೋಗಿಯೊಬ್ಬ ಮನೆಗೆ ಫೋನ್ ಮಾಡಿ ಅವಳಲ್ಲಿ ವಿಷಾದ ಹೇಳಿಕೊಂಡಾಗಲೇ ಅವಳಿಗೆ ತಿಳಿದದ್ದು. ಊರಿನ ಕನ್ನಡದವರಿಗೆಲ್ಲ ಹೇಳಿದ್ದು "ಕನ್ಸಲ್ಟಿಂಗ್ ಮಾಡ್ತಿದಾರೆ" ಎಂದು. ಆ ವರ್ಷ ಹಾಗೆ ಹೇಳುವ ಮನೆಗಳು ಬೇರೆಯೂ ಇದ್ದವು. ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ಹೆಚ್ಚಿನ ಶಿಫ್ಟ್ ತೆಗೆದುಕೊಂಡಳು. ಮನೆಗೆ ಯಾರಾದರೂ ಬಂದಾಗ ನಾನೂ ಆ ಮಾತನ್ನು ಹೇಳುತ್ತಿದ್ದೆ: ಹೌದು, ಕನ್ಸಲ್ಟಿಂಗ್, ಚೆನ್ನಾಗಿ ನಡೀತಿದೆ. ಆ ಪದ ಒಂದು ಉಳಿದರೆ ಭಾವ ಉಳಿಯುತ್ತಾರೆ ಎಂಬ ಹಾಗೆ ನಡೆದುಕೊಳ್ಳುತ್ತಿದ್ದೆವು.

ಪೌರತ್ವ ಪಡೆದ, ಮೊದಲ ಸಲ ವೋಟು ಹಾಕುವ ಹತ್ತು ಗಂಡಸರ ಹೆಸರು ಬೇಕು ಎಂದು ಭಾವನನ್ನು ಕೇಳಿದೆ. ಕಂಪನಿಯವರ ಸಂಬಂಧಿಕರು ಗುಂಪಿನಲ್ಲಿ ಕೂರುವಂತಿಲ್ಲ, ಬಂದವರಿಗೆ ಪರಸ್ಪರ ಪರಿಚಯ ಇರಕೂಡದು ಎಂದು ಎರಡೆರಡು ಸಲ ಹೇಳಿದೆ.

"ಎಂತ ಮಾರಾಯ್ತಿ," ಎಂದರು ಭಾವ. "ನನಗೂ ಗೊತ್ತಿಲ್ಲದ, ಅವರಿಗೂ ಗೊತ್ತಿಲ್ಲದ ಕನ್ನಡಿಗನನ್ನು ಸ್ಯಾನ್ ಡಿಯಾಗೊದಲ್ಲಿ ಎಲ್ಲಿಂದ ತರುವುದು? ನೀನು ಸುಮ್ಮನಿರು, ನಾನು ಅರೇಂಜ್ ಮಾಡ್ತೇನೆ."

ಅರೇಂಜ್ ಮಾಡಿದರು. ಆ ಶನಿವಾರ ಮಧ್ಯಾಹ್ನ ಫ್ರೀವೇ ಪಕ್ಕದ ಆಫೀಸು ಕಟ್ಟಡದ ಮುಂದೆ ನಾಲ್ಕು ಮಿನಿವ್ಯಾನುಗಳು ಒಂದರ ಹಿಂದೆ ಒಂದು ಬಂದು ನಿಂತವು. ಹತ್ತು ಗಂಡಸರು, ಅವರ ಹೆಂಡತಿಯರು, ಜೊತೆಗೆ ಅಕ್ಕ ಭಾವ, ಅಲ್ಯೂಮಿನಿಯಂ ಟ್ರೇಗಳಲ್ಲಿ ಪುಳಿಯೋಗರೆ, ಮೊಸರನ್ನ, ಒಂದು ಡಬ್ಬ ಸಂಡಿಗೆ. ಕನ್ನಡ ಸಂಘದ ಪಿಕ್ನಿಕ್ಕಿಗೆ ಕರೆದ ಹಾಗೆಯೇ ಭಾವ ಫೋನ್ ಮಾಡಿ ಕರೆದಿದ್ದರು, ಯಾರು ಏನು ತರಬೇಕು ಎಂದೂ ಹೇಳಿದ್ದರು. ಪೂರ್ವ ತೀರದಿಂದ ಬಂದಿದ್ದ, ಗಿರಾಕಿಯ ಅಂದರೆ ಅಭ್ಯರ್ಥಿಯ ಸಲಹೆಗಾರ ಲಾಬಿಯಲ್ಲಿ ನಿಂತು ಟ್ರೇಗಳನ್ನು ನೋಡಿದ. ಇದು ಮದುವೆಯೇ ಎಂದು ನನ್ನನ್ನು ಕೇಳಿದ. ಅವನ ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ, ಅದೇ ನನಗೆ ಹೆಚ್ಚು ಕಿರಿಕಿರಿ ಮಾಡಿತು.

ಗಂಡಸರ ಗುಂಪನ್ನು ನಡೆಸಿದ್ದು ಬಿಳಿಯ ಮಾಡರೇಟರ್. ಗಂಡಸರು ಗಂಡಸರ ಮುಂದೆ ಬಾಯಿ ಬಿಡುತ್ತಾರೆ ಎಂದು ನಮ್ಮ ಕಂಪನಿಯ ನಂಬಿಕೆ. ನಾನು ಕನ್ನಡಿಯ ಹಿಂದೆ ಸಲಹೆಗಾರನ ಪಕ್ಕ ಕೂತೆ. ಮಾತು ಶುರುವಾಗುವ ಮೊದಲು ಪ್ರತಿಯೊಬ್ಬರೂ "ಬಲಿಷ್ಠ ನಾಯಕ" ಎಂದ ಕೂಡಲೇ ಹೊಳೆಯುವ ಒಂದು ಪದವನ್ನು ಕಾಗದದಲ್ಲಿ ಬರೆಯಬೇಕು. ಒಬ್ಬರ ಮಾತು ಇನ್ನೊಬ್ಬರನ್ನು ಎಳೆಯದಿರಲಿ ಎಂದು ಈ ಉಪಾಯ. ಒಂಬತ್ತು ಜನ ಪೆನ್ನು ಹಿಡಿದು ಹಿರಿಯರೊಬ್ಬರ ಮುಖ ನೋಡಿದರು. ಅವರು ಸಂಘದ ಹಳೆಯ ಅಧ್ಯಕ್ಷರು, ವಿಜ್ಞಾನಿಯಾಗಿದ್ದು ನಿವೃತ್ತರಾದವರು. ಅವರು ಬರೆಯುತ್ತಾ ಬರೆಯುತ್ತಾ ಓದಿಯೇಬಿಟ್ಟರು: ಎಕ್ಸ್‌ಪೀರಿಯನ್ಸ್. ಮಿಕ್ಕವರೂ ಅದನ್ನೇ ಬರೆದರು.

ನೌಕೆಯ ಜಾಹೀರಾತಿಗೆ ಹತ್ತೂ ಗೆರೆಗಳು ಒಟ್ಟಿಗೆ ಮೇಲೆ ಹೋದವು. ಅಡುಗೆಮನೆಯ ಜಾಹೀರಾತು ಬಂದಾಗ ಒಬ್ಬ ಸಣ್ಣ ದನಿಯಲ್ಲಿ "ಇದು ಎಲೆಕ್ಷನ್ನಾ, ಡಿಟರ್ಜೆಂಟ್ ಆ್ಯಡಾ?" ಎಂದ. ಎಲ್ಲರೂ ನಕ್ಕರು, ಗೆರೆಗಳು ಒಟ್ಟಿಗೆ ಇಳಿದವು. ಒಂದೇ ಒಂದು ಸಲ ಏನೋ ಬಿರುಕು ಬಿಟ್ಟಿತು. ಕಿರಿಯ ಎಂಜಿನಿಯರ್ ಒಬ್ಬ, ತಾನು ಮೀಟಿಂಗಿನಲ್ಲಿ ಮೇಜು ಕುಟ್ಟಿ ಮಾತಾಡುವುದಿಲ್ಲವೆಂದು ತನ್ನನ್ನು ಮ್ಯಾನೇಜರ್ ಮಾಡುತ್ತಿಲ್ಲ, ಇವರಿಗೆ ನಾವು ಗಂಡಸರಾಗಿ ಕಾಣುವುದೇ ಇಲ್ಲ, ಕ್ಯಾಲ್ಕ್ಯುಲೇಟರ್ ಆಗಿ ಕಾಣುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಹಿರಿಯರು ಗಂಟಲು ಸರಿಮಾಡಿಕೊಂಡರು. ಅವನು ತಕ್ಷಣ, ಪ್ರಾಬ್ಲಮ್ ಏನಿಲ್ಲ, ಕಂಪನಿ ಚೆನ್ನಾಗಿದೆ ಎಂದ. ಆ ಯೋಜನೆಯಲ್ಲಿ ಯಾರಾದರೂ ಹೇಳಿದ ಅತ್ಯಂತ ನಿಜವಾದ ಮಾತು ಆ ಕ್ಯಾಲ್ಕ್ಯುಲೇಟರಿನ ಮಾತೇ ಇರಬೇಕು. ಸಲಹೆಗಾರ ಆಗ ಗೆರೆಗಳನ್ನು ನೋಡುತ್ತಿದ್ದ. ಹತ್ತು ಜನರನ್ನು ಕರೆಸಿ ಒಬ್ಬನ ಅಭಿಪ್ರಾಯ ತಗೊಂಡ ಹಾಗಾಯಿತು ಎಂದು ಗೊಣಗಿದ.

ಅವನು ಹೇಳಿದ್ದು ಸರಿಯಾಗಿತ್ತು. ಆಗ ನಾನೇ ಹೇಳಿದೆ: ಹೊರಗೆ ಹೆಂಗಸರು ಕೂತಿದ್ದಾರೆ, ಕೋಣೆ ಇದೆ, ಡಬ್ಬಿಗಳಿವೆ. ಕೋಷ್ಟಕದಲ್ಲಿ ಭಾರತೀಯ ಹೆಂಗಸರಿಗೆ ಖಾನೆಯೇ ಇರಲಿಲ್ಲ. ಅವನು ಪೆನ್ನು ತೆಗೆದು, ಕೊನೆಯ ಸಾಲಿನ ಕೆಳಗೆ ಒಂದು ಚೌಕ ಎಳೆದ.

ಒಳಗೆ ಕರೆದಾಗ ಅಕ್ಕನೂ ಎದ್ದಳು. ನಿಯಮ ಹೇಳಿದೆ. "ಎಲ್ಲರೂ ಒಳಗೆ ಹೋದ್ರೆ ನಾನೊಬ್ಬಳೇ ಇಲ್ಲಿ ಟ್ರೇ ಕಾಯ್ತಾ ಕೂತ್ಕೊಳ್ಳಾ?" ಎಂದಳು. ಬಂದು ಮೇಜಿನ ಆ ಬದಿಯ ನಡುವಿನ ಕುರ್ಚಿಯಲ್ಲಿ, ಕನ್ನಡಿಗೆ ಎದುರಾಗಿ ಕೂತಳು. ನಡೆಸುವವರು ಕನ್ನಡಿಗೆ ಬೆನ್ನು ಹಾಕಿ ಕೂರುವುದು ಪದ್ಧತಿ. ನಾನು ಹಾಗೆ ಕೂತೆ.

ಮೊದಲ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಪ್ರಯತ್ನಿಸಿದೆ. ಎರಡೂ ಜಾಹೀರಾತು ತೋರಿಸಿದೆ. ಗುಂಡಿಗಳು ತಿರುಗಿದವು, ಬಾಯಿಗಳು ತೆರೆಯಲಿಲ್ಲ. ವೆರಿ ನೈಸ್, ಗುಡ್ ಫ್ಯಾಮಿಲಿ ಮ್ಯಾನ್, ಎರಡೂ ಗುಡ್. ನಾನು ಕನ್ನಡಕ್ಕೆ ತಿರುಗಿದೆ. ಕನ್ನಡದಲ್ಲಿ ಅದೇ ಪ್ರಶ್ನೆ ಕೇಳಿದ್ದೇ ತಡ, ಹಿರಿಯರ ಹೆಂಡತಿ, ಅಭ್ಯರ್ಥಿ ಸೋಪು ಹಾಕಿದ ತಟ್ಟೆಯನ್ನು ಸರಿಯಾಗಿ ಗಲಬರಿಸದೇ ಇಟ್ಟ ಎಂದರು. ಕೋಣೆ ಸಡಿಲವಾಯಿತು. ಬಾಗಿಲ ಸಂದಿಯಿಂದ ತಂತ್ರಜ್ಞ ಒಂದು ಚೀಟಿ ಕೊಟ್ಟು ಹೋದ. "ಇಂಗ್ಲಿಷ್ ಪ್ಲೀಸ್" ಎಂದಿತ್ತು. ಆಮೇಲೆ ಅನುವಾದ ಮಾಡಿಕೊಡುತ್ತೇನೆ ಎಂದು ಕನ್ನಡಿಯ ಕಡೆ ತಿರುಗದೆಯೇ ಗಟ್ಟಿಯಾಗಿ ಹೇಳಿ ಮುಂದುವರಿಸಿದೆ. ಸಲಹೆಗಾರನಿಗೆ ಸಂಜೆಯ ವಿಮಾನವಿತ್ತು. ಆಮೇಲೆ ಎಂಬುದು ಅವನಿಗೆ ಆಗದು ಎಂದು ನನಗೆ ಹೊಳೆಯಲಿಲ್ಲ.

ಪಾತ್ರೆ ತೊಳೆಯುವ ಅಭ್ಯರ್ಥಿ ಹೇಗನ್ನಿಸಿದ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಬಂದೆ. ಅಕ್ಕನ ಸರದಿ ಬಂತು.

"ಪಾತ್ರೆ ತೊಳೆದ ಅಂತ ನಾನು ಯಾಕೆ ವೋಟ್ ಹಾಕ್ಬೇಕು? ನಾನು ದಿನಾ ತೊಳೀತೀನಿ. ನನಗೆ ಯಾರು ಹಾಕಿದ್ರು?"

ಎಲ್ಲರೂ ಜೋರಾಗಿ ನಕ್ಕರು. ನಾನು ಮುಂದಿನವರ ಕಡೆ ತಿರುಗಬೇಕಿತ್ತು. ಆದರೆ ಅವಳಿನ್ನೂ ಮುಗಿಸಿರಲಿಲ್ಲ.

"ನಮ್ಮನೇಲೂ ತೊಳೀತಾರೆ. ತೊಳೆದು, ಕೈ ಒರೆಸ್ಕೊಂಡು, ಆಮೇಲೆ ಎರಡು ದಿನ ಮಾತಾಡಲ್ಲ. ಅವನು ಹೆಂಡತಿನ ಕೇಳ್ತಾನಲ್ಲ, ನಿನಗೇನನ್ನಿಸುತ್ತೆ ಅಂತ, ಅದು ಕ್ಯಾಮೆರಾ ಇದೆ ಅಂತ ಕೇಳಿದ್ದು."

ಪ್ರಶ್ನಾವಳಿಯ ಪ್ರಕಾರ ಮುಂದಿನ ಪ್ರಶ್ನೆ ಹಾಕಿದೆ: ಹಾಗಾದರೆ ನಿಮಗೆ ನೌಕೆಯ ಮೇಲಿದ್ದಂಥ ಗಟ್ಟಿ ಮನುಷ್ಯ ಬೇಕೇ? ಅಕ್ಕನಿಗೆ ನಾನು ನೀವು ಎಂದದ್ದು ಜೀವನದಲ್ಲಿ ಅದೊಂದೇ ಸಲ.

"ಗಟ್ಟಿ ಗಂಡಸು ಬೇಕು ಅಂತಲ್ಲ," ಎಂದಳು. "ಕೆಲಸ ಹೋಯ್ತು ಕಣೇ ಅಂತ ನನ್ನ ಮುಖ ನೋಡಿ ಹೇಳೋ ಅಷ್ಟು ಗಟ್ಟಿ ಇದ್ದಿದ್ರೆ ಸಾಕಿತ್ತು. ಕನ್ಸಲ್ಟಿಂಗ್ ಅಂತೆ. ಎಲ್ಲಿದೆ ಕನ್ಸಲ್ಟಿಂಗ್?"

ಯಾರೂ ನಗಲಿಲ್ಲ. ಮುಂದಿನ ಪ್ರಶ್ನೆಯನ್ನು ಹುಡುಕಲು ನಾನು ಹಾಳೆ ತಿರುವಿದೆ. ಹಿರಿಯರ ಹೆಂಡತಿ ಅಕ್ಕನ ಮುಂದೆ ನೀರಿನ ಲೋಟ ಸರಿಸಿ, "ಬಿಡಮ್ಮ. ಕನ್ಸಲ್ಟಿಂಗ್ ಅಂದ್ರೆ ಏನೂಂತ ನಮಗೂ ಗೊತ್ತಿಲ್ವಾ," ಎಂದರು. ಎಲ್ಲರಿಗೂ ಮೊದಲೇ ತಿಳಿದಿತ್ತು. ಅಷ್ಟು ತಿಂಗಳು ನಾವು ಬಾಯಿ ಮುಚ್ಚಿ ಕಾದದ್ದನ್ನು ಅವರೂ ನಮ್ಮ ಸಲುವಾಗಿ ಬಾಯಿ ಮುಚ್ಚಿ ಕಾಯುತ್ತಿದ್ದರು.

ಗುಂಪು ಮುಗಿದು ನಾನು ಕಾರಿಡಾರಿಗೆ ಬಂದಾಗ ಕತ್ತಲೆ ಕೋಣೆಯ ಬಾಗಿಲು ತೆರೆಯಿತು. ಮೊದಲು ಸಲಹೆಗಾರ ಬಂದ, ಭಾವನ ಭುಜದ ಮೇಲೆ ಕೈ ಇಟ್ಟುಕೊಂಡು. ಕನ್ನಡಿಯ ಹಿಂದಿದ್ದವರು ಕನ್ನಡ ಅರ್ಥವಾಗದೆ ಲಾಬಿಗೆ ಬಂದು, ಗುಂಪಿನಲ್ಲಿ ಕೂರದ, ಒಳ್ಳೆಯ ಇಂಗ್ಲಿಷಿನ ಒಬ್ಬ ಕನ್ನಡಿಗನನ್ನು ಕರೆದುಕೊಂಡು ಹೋಗಿದ್ದಾರೆ. ಕರೆದವನು ತಂತ್ರಜ್ಞ ಎಂದು ಭಾವ ಆಮೇಲೆ ಹೇಳಿದರು. ಸಲಹೆಗಾರ ಎಂದು ತಂತ್ರಜ್ಞ ಹೇಳಿದ. ಭಾವ ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ "ಗುಡ್ ಸೆಷನ್" ಎಂದರು. ನಂತರ ಲಾಬಿಗೆ ಹೋಗಿ ಖಾಲಿ ಟ್ರೇಗಳನ್ನು ಒಂದರೊಳಗೊಂದು ಇಟ್ಟು, ತಮ್ಮ ವ್ಯಾನ್ ಡ್ರೈವ್ ಮಾಡಿಕೊಂಡು ಅದರಲ್ಲಿ ಬಂದವರನ್ನೆಲ್ಲ ಅವರವರ ಮನೆಗೆ ಬಿಟ್ಟರು. ಅಕ್ಕ ಮುಂದಿನ ಸೀಟಿನಲ್ಲಿ ಕೂತಿದ್ದಳು.

ಸೋಮವಾರ ಲಾಸ್ ಏಂಜಲೀಸಿನಲ್ಲಿ ವಿಡಿಯೊ ಟೇಪಿನ ಮಾತುಗಳನ್ನು ಕಾಗದಕ್ಕೆ ಇಳಿಸಲು ಕೂತೆ. ಕಾಲಿನ ಕೆಳಗೆ ಪೆಡಲ್. ಒತ್ತಿದರೆ ಓಡುತ್ತದೆ, ಬಿಟ್ಟರೆ ತುಸು ಹಿಂದೆ ಬಂದು ನಿಲ್ಲುತ್ತದೆ. ಮೊದಲ ಚಾನೆಲ್ಲಿನಲ್ಲಿ ಹೆಂಗಸರು. ಎರಡನೆಯದರಲ್ಲಿ ಭಾವ. ಅವರು ಚೆನ್ನಾಗಿ ಅನುವಾದ ಮಾಡಿದ್ದರು. ಹೆಂಗಸರು ಮತ್ತೆ ಎತ್ತಿದ ಸೋಪಿನ ತಟ್ಟೆಯ ವಿಷಯವನ್ನು ನಗುನಗುತ್ತಲೇ ಹೇಳಿದ್ದರು. "ನನಗೆ ಯಾರು ಹಾಕಿದ್ರು" ಎಂಬುದನ್ನು ನಾನಾಗಿದ್ದರೂ ಅಷ್ಟು ಚೆಂದವಾಗಿ ಇಂಗ್ಲಿಷಿಗೆ ತರುತ್ತಿರಲಿಲ್ಲ. ಎರಡು ದಿನದ ಮಾತು ಬಂದಾಗ ಸ್ವಲ್ಪ ತಡವರಿಸಿ, ಗಂಡ ಕೆಲವೊಮ್ಮೆ ಮೌನವಾಗಿರುತ್ತಾನೆ ಎಂದರು. ಕೊನೆಯ ಮಾತಿಗೆ ಎರಡನೆಯ ಚಾನೆಲ್ಲಿನಲ್ಲಿ ಉಸಿರು ಮಾತ್ರ ಕೇಳುತ್ತದೆ. ಸಲಹೆಗಾರ, ಏನಂದಳು, ಏನಂದಳು ಎಂದು ಅವಸರಿಸುತ್ತಾನೆ. ಆಮೇಲೆ ಭಾವನ ಧ್ವನಿ, ಸಮವಾಗಿ: "ಶಿ ಸೇಸ್, ಎ ಮ್ಯಾನ್ ಶುಡ್ ಬಿ ಸ್ಟ್ರಾಂಗ್."

ಪೆಡಲ್ ಬಿಟ್ಟು, ಒತ್ತಿ, ಬಿಟ್ಟು ಕೇಳಿದೆ.

ವರದಿ ಒಪ್ಪಿಸುವ ಸಭೆಯಲ್ಲಿ ನಮ್ಮ ಖಾನೆಗೆ ಒಂದು ಪುಟ ಸಿಕ್ಕಿತ್ತು. ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ: ಏಷ್ಯನ್ ಹೆಂಗಸರಿಗೆ ಬೇಕಾದದ್ದು ಬಲಿಷ್ಠ ಗಂಡಸು. ಸ್ಯಾನ್ ಡಿಯಾಗೊದ ಒಂದು ಕೋಣೆಯಲ್ಲಿ ಕೂತಿದ್ದ ಹತ್ತು ಹನ್ನೊಂದು ಕನ್ನಡದ ಹೆಂಗಸರು ಹೀಗೆ ಒಂದು ಖಂಡವಾಗಿದ್ದರು. ನಾನು ನನ್ನ ಅನುವಾದವನ್ನು ಓದಿದೆ. ಸಲಹೆಗಾರ ಗಮನವಿಟ್ಟೇ ಕೇಳಿದ. ಒಳ್ಳೆಯ ಸಾಲು, ಆದರೆ ಅದು ಒಬ್ಬಳ ಮನೆಯ ವಿಷಯ, ನಮಗೆ ಬೇಕಾದದ್ದು ಗುಂಪಿನ ವಿಷಯ ಎಂದ. ಗುಂಪು ಎಂಬುದು ಇಂಥ ಮನೆಗಳನ್ನು ಬಿಟ್ಟು ಬೇರೆ ಎಲ್ಲಿರುತ್ತದೆ ಎಂದು ಆಗ ಕೇಳಬೇಕಿತ್ತು. ಆ ಉತ್ತರ ನನಗೆ ಹೊಳೆದದ್ದು ಮನೆಗೆ ಹೋಗುವಾಗ, ಫ್ರೀವೇಯ ಟ್ರಾಫಿಕ್ಕಿನಲ್ಲಿ. ಸಭೆಯಲ್ಲಿ ನನ್ನ ಬಳಿ ಇದ್ದದ್ದು ನಿಯಮ ಮಾತ್ರ. ಸಂಬಂಧಿಕರು ಕೂತ ಗುಂಪು ಲೆಕ್ಕಕ್ಕೆ ಬರುವುದಿಲ್ಲ. ಹಾಗೆ ಹೇಳಿದರೆ ಪುಟ ಬಿದ್ದುಹೋಗುತ್ತದೆ, ಆದರೆ ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಆ ಮೇಜಿನ ಮುಂದೆ ಹೇಳಬೇಕು. ಬಾಸ್ ನನ್ನನ್ನು ನೋಡುತ್ತಿದ್ದಳು. ಹೇಳಿದೆ. ಆ ಮಾತಾಡಿದವಳು ನನ್ನ ಅಕ್ಕ. ಅನುವಾದ ಮಾಡಿದವರು ಅವಳ ಗಂಡ. ಕೆಲಸ ಹೋದದ್ದು ಅವರದು. ಇಬ್ಬರನ್ನೂ ಕೈಬಿಡಿ, ಗುಂಪನ್ನೇ ಕೈಬಿಡಿ.

ಸಲಹೆಗಾರ ಪುಟದ ಕಡೆ ನೋಡಿದ. ನಂತರ ಅವನ ಮುಖ ಅರಳಿತು. "ಅವಳ ಗಂಡನೇ ಹಾಗೆ ಕೇಳಿಸಿಕೊಂಡನೇ? ಗಂಡು ಹೆಣ್ಣು ಎರಡೂ ಒಂದೇ ವಾಕ್ಯದಲ್ಲಿ ಸಿಕ್ಕ ಹಾಗಾಯಿತಲ್ಲ," ಎಂದ. ಪುಟ ಉಳಿಯಿತು. ಬಾಸ್ ಅದರ ಕೆಳಗೆ ಸಣ್ಣಕ್ಷರದಲ್ಲಿ ಒಂದು ಅಡಿಟಿಪ್ಪಣಿ ಹಾಕಿಸಿದಳು. ಅದರಲ್ಲಿ ದುಭಾಷಿ ಸಮುದಾಯದವರೇ ಎಂದಿತ್ತು.

ಆ ಒಂದು ಪುಟದಿಂದ ಚುನಾವಣೆಯಲ್ಲಿ ಏನಾದರೂ ಬದಲಾಯಿತು ಎಂದುಕೊಳ್ಳುವ ಭ್ರಮೆ ನನಗಿಲ್ಲ. ಬದಲಾಗಲಿಲ್ಲ ಎಂಬುದೂ ಸಮಾಧಾನವಲ್ಲ. ಟಿವಿಯಲ್ಲಿ ನೌಕೆಯ ಜಾಹೀರಾತು ಬಂದಿತ್ತು ಎಂದು ನೆನಪು. ಅಡುಗೆಮನೆಯದನ್ನು ನಾನಂತೂ ಮತ್ತೆ ನೋಡಲಿಲ್ಲ. ಟೇಪುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿದರು. ಆ ದಿನದ ಬಳಿಕ ಭಾವ ಮನೆಯಲ್ಲಿ ಪಾತ್ರೆ ಮುಟ್ಟಲಿಲ್ಲ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ದೂರುತ್ತಿದ್ದಾಳೋ ಸುಮ್ಮನೆ ಹೇಳುತ್ತಿದ್ದಾಳೋ ಧ್ವನಿಯಿಂದ ಗೊತ್ತಾಗಲಿಲ್ಲ. ಚಳಿಗಾಲದಲ್ಲಿ ಅವರಿಗೆ ಅರಿಜೋನಾದಲ್ಲಿ ಕೆಲಸ ಸಿಕ್ಕಿತು; ವಾರದ ಕೊನೆಗೆ ಬರುತ್ತಿದ್ದರು. ಆ ಕೋಣೆಯ ವಿಷಯವನ್ನು ಅವರು ನನ್ನ ಮುಂದೆ ಎಂದೂ ಎತ್ತಲಿಲ್ಲ.

ಟೇಪಿನಲ್ಲಿ ನಾನು ಇನ್ನೂ ಒಂದು ಕಂಡೆ. ಕ್ಯಾಮೆರಾ ಇದ್ದದ್ದು ಕನ್ನಡಿಯ ಹಿಂದೆ, ಅಕ್ಕನ ಮುಖಕ್ಕೆ ನೇರ. ಅವಳು ನಕ್ಕು ಮುಗಿಸಿ, "ನಮ್ಮನೇಲೂ ತೊಳೀತಾರೆ" ಎನ್ನುವ ಮೊದಲು, ಚಿತ್ರ ಅರೆಗಳಿಗೆ ಬಿಳಿಚುತ್ತದೆ, ಯಾರೋ ಬಾಗಿಲು ತೆರೆದು ಕಾರಿಡಾರಿನ ಬೆಳಕು ಕತ್ತಲೆ ಕೋಣೆಯೊಳಗೆ ಬಿದ್ದಂತೆ. ಅವಳ ಕಣ್ಣು ನನ್ನ ಮುಖದಿಂದ ಎದ್ದು ನನ್ನ ಭುಜದ ಮೇಲಿನಿಂದ ಹಿಂದಕ್ಕೆ ಹೋಗುತ್ತದೆ, ಅಲ್ಲಿ ನಿಲ್ಲುತ್ತದೆ. ಉಳಿದದ್ದನ್ನೆಲ್ಲ ಅವಳು ಆ ಕಡೆಯೇ ನೋಡುತ್ತಾ ಹೇಳುತ್ತಾಳೆ. ಅಥವಾ ಹಾಗೆಂದು ನಾನು ನೋಡಿದೆ. ಒಂದೇ ಚಿತ್ರವನ್ನು ಅಷ್ಟು ಸಲ ಹಿಂದೆ ಮುಂದೆ ಓಡಿಸಿದರೆ ಅದರಲ್ಲಿ ಏನು ಬೇಕಾದರೂ ಕಾಣುತ್ತದೆ.

ಚುನಾವಣೆ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಜೊತೆ ತರಕಾರಿಗೆ ಹೊರಟಿದ್ದೆ. ಹದಿನೈದನೇ ಇಂಟರ್‌ಸ್ಟೇಟಿನಲ್ಲಿ ಅವಳು ಡ್ರೈವ್ ಮಾಡುತ್ತಿದ್ದಳು. ಆಗ ಕೇಳಿದೆ. ಅವಳು ಕನ್ನಡಿ ನೋಡಿ ಲೇನ್ ಬದಲಿಸಿದಳು, ಮುಂದಿನ ಎಕ್ಸಿಟ್ ನಮ್ಮದೇ ನೋಡು ಎಂದಳು. ಅದಾದ ಮೇಲೆ ಎಷ್ಟೋ ವರ್ಷ ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡಿದ್ದೇವೆ. ಎಲ್ಲವನ್ನೂ ಮಾತಾಡುತ್ತಾಳೆ, ಇದೊಂದಕ್ಕೆ ಇನ್ನೂ ಏನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ: ಅಕ್ಕಾ, ಗಾಜಿನ ಆಚೆ ಭಾವ ಕೂತಿದ್ದು ನಿನಗೆ ಗೊತ್ತಿತ್ತಾ?